ಮೊದಲ ಪುಟಗಳಿಲ್ಲದ ಹಳೆಯ ಗಣಿತ ಪುಸ್ತಕದ ಕಾಲವನ್ನು ತಿಳಿಯುವುದು ಹೇಗೆ? ಅದು ಕೂಡಿಡಲು ಯೋಗ್ಯವೇ?

ಅಜ್ಜನವರ ಟ್ರಂಕಿನಲ್ಲಿ ಸಿಕ್ಕ ಎರಡು ಅಂಕಗಣಿತ ಪುಸ್ತಕಗಳ ಬಗ್ಗೆ ನೀವು ಕೇಳಿದ್ದೀರಿ. ಕಲಬುರಗಿಯ ರದ್ದಿ ಅಂಗಡಿಗಳಲ್ಲಿ ಇಂತಹವನ್ನು ಆರಿಸಿ ತರುವ ಹವ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಮೊದಲ ಪುಟಗಳು ಹೋಗಿದ್ದರೆ ಚಿಂತಿಸಬೇಡಿ, ಒಳಗಿನ ಲೆಕ್ಕಗಳೇ ಪುಸ್ತಕದ ವಯಸ್ಸನ್ನು ಹೇಳುತ್ತವೆ.

ಬಡ್ಡಿ ಮತ್ತು ಲಾಭ-ನಷ್ಟದ ಅಧ್ಯಾಯಗಳನ್ನು ಮೊದಲು ತೆರೆಯಿರಿ. ಹಣವೆಲ್ಲ ರೂಪಾಯಿ, ಆಣೆ, ಪೈಗಳಲ್ಲೂ ತೂಕವೆಲ್ಲ ಮಣ, ಸೇರುಗಳಲ್ಲೂ ಇದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ, ಅಂದರೆ ದಶಮಾಂಶ ನಾಣ್ಯ ಬರುವುದಕ್ಕಿಂತ, ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ ಆ ದಿನಕ್ಕೂ ‘ನಯಾ’ ಎಂಬ ಪದವನ್ನು ಕೈಬಿಟ್ಟ 1964ಕ್ಕೂ ನಡುವಿನದು ಎಂದು ಹೆಚ್ಚು ಕಡಿಮೆ ಧೈರ್ಯವಾಗಿ ಹೇಳಬಹುದು.

ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಇಲ್ಲಿನ ಪುಸ್ತಕಗಳಲ್ಲಿ ಇನ್ನೂ ಎರಡು ಗುರುತುಗಳು ಸಿಗುತ್ತವೆ. ಒಂದು ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಇಸವಿ ಹತ್ತಿರ ಹತ್ತಿರ ಬರುತ್ತದೆ, 1345 ಫಸಲಿ ಎಂದರೆ 1935-36. ಇನ್ನೊಂದು ನಿಜಾಮರ ನಾಣ್ಯವಾದ ‘ಹಾಲಿ’ ರೂಪಾಯಿ. ನನ್ನಲ್ಲಿರುವ ಉರ್ದು ಅಂಕಗಣಿತವೊಂದರ ಅಂಚಿನಲ್ಲಿ ಯಾವನೋ ವಿದ್ಯಾರ್ಥಿ ಪೆನ್ಸಿಲ್ಲಿನಿಂದ ‘೪೨ ಹಾಲಿ = ೩೬ ಕಲ್ದಾರ’ ಎಂದು ಕನ್ನಡದಲ್ಲಿ ಬರೆದುಕೊಂಡಿದ್ದಾನೆ. ಕಲ್ದಾರ ಎಂದರೆ ಬ್ರಿಟಿಷರ ರೂಪಾಯಿ; ನಿಜಾಮರ ಏಳು ರೂಪಾಯಿ ಬ್ರಿಟಿಷರ ಆರು ರೂಪಾಯಿಗೆ ಸಮವಾಗಿದ್ದುದರಿಂದ ಅವನ ಲೆಕ್ಕ ಸರಿಯಾಗಿದೆ. ಪಾಠವನ್ನು ಉರ್ದುವಿನಲ್ಲಿ ಓದಿ, ಲೆಕ್ಕವನ್ನು ಮನೆಮಾತಿನಲ್ಲಿ ಮಾಡಿದ ಆ ಹುಡುಗನ ಒಂದು ಸಾಲಿಗಾಗಿಯೇ ನಾನು ಆ ಪುಸ್ತಕವನ್ನು ಕೊಂಡೆ.

ಬೆಲೆಯ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಹಾಲ್ ಮತ್ತು ನೈಟ್ ಅವರ ಬೀಜಗಣಿತ 1885ರಲ್ಲಿ ಮೊದಲು ಬಂದಿತಾದರೂ ಎಷ್ಟೋ ಸಲ ಮರುಮುದ್ರಣಗೊಂಡಿರುವುದರಿಂದ, ಹಳೆಯದಾಗಿ ಕಂಡ ಪ್ರತಿಯೆಲ್ಲ ಅಪರೂಪವಲ್ಲ. ನನಗೆ ಆಸೆಯಿರುವುದು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ಮೇಲೆ, ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿ 1912ರಲ್ಲಿ ಮದರಾಸಿನಲ್ಲಿ ಅಚ್ಚಾದ ಪ್ರತಿಯ ಮೇಲೆ. ಒಂಬತ್ತನೆಯ ಶತಮಾನದ ಆ ಗ್ರಂಥದ ಆರಂಭದಲ್ಲಿ ಸ್ತುತಿಗೊಂಡಿರುವ ಅಮೋಘವರ್ಷ ನೃಪತುಂಗನ ರಾಜಧಾನಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ಆಗಿತ್ತು.

ಹರಿದ ಹಾಳೆಗೆ ಸೆಲೋ ಟೇಪ್ ಹಚ್ಚಬೇಡಿ. ನಾನು ಹಚ್ಚಿದ್ದೆ, ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯಿತು, ಟೇಪು ಕೀಳಹೋದಾಗ ಅಕ್ಷರಗಳೂ ಜೊತೆಗೇ ಬಂದವು. ಸದ್ಯಕ್ಕೆ ಎರಡೂ ಪುಸ್ತಕಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ ಮಲಗಿಸಿ ಇಡಿ. ಅಂಚಿನಲ್ಲಿ ಪೆನ್ಸಿಲ್ ಬರಹವಿದ್ದರೆ ರಬ್ಬರ್ ಮುಟ್ಟಿಸಬೇಡಿ.