ಜ್ವರ ಇಲ್ಲದೆಯೂ ಸೋಂಕು ಇರಬಹುದೇ?

ಪ್ರಶ್ನೆ: ಮಗಳ ಬಾಣಂತನ ನಮ್ಮಲ್ಲೇ. ಒಂಬತ್ತನೆಯ ದಿನ ಮಗು ಮೊಲೆ ಚೀಪುವುದನ್ನು ಬಿಟ್ಟಿತು, ಮೈ ತಣ್ಣಗಾಯಿತು. ಜ್ವರ ಇರಲಿಲ್ಲ. ಮಂಗಳೂರಿಗೆ ಕರೆದೊಯ್ದಾಗ ರಕ್ತದಲ್ಲಿ ಸೋಂಕು, ಬಿಳಿ ರಕ್ತಕಣ ಕಡಿಮೆ ಎಂದರು. ಸೋಂಕಾದರೆ ಅದು ಹೆಚ್ಚಬೇಕಲ್ಲವೇ ಡಾಕ್ಟರೇ? ಸೋಂಕಿದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ ಸರಿಯಿದ್ದರೂ ಮರುದಿನ ಮತ್ತೆ ರಕ್ತ ತೆಗೆದದ್ದೇಕೆ? ಮಗು ಈಗ ಗುಣವಾಗಿದೆ.
– ಒಬ್ಬ ಅಜ್ಜಿ, ಬದಿಯಡ್ಕ

ಉತ್ತರ: ಹೆಚ್ಚಬೇಕು ಎನ್ನುವುದು ದೊಡ್ಡವರ ಲೆಕ್ಕ, ಅಮ್ಮ. ಬ್ಯಾಕ್ಟೀರಿಯಾ ಒಳಹೊಕ್ಕಾಗ ಮೊದಲು ಧಾವಿಸುವುದು ನ್ಯೂಟ್ರೋಫಿಲ್ ಎಂಬ ಬಿಳಿಕಣ. ದೊಡ್ಡವರ ಎಲುಬಿನ ಮಜ್ಜೆಯಲ್ಲಿ ಅದರ ದಾಸ್ತಾನು ಬೇಕಾದಷ್ಟು. ಹಸುಗೂಸಿನಲ್ಲಿ ದಾಸ್ತಾನು ಚಿಕ್ಕದು, ಹೊಸ ಕಣಗಳ ತಯಾರಿಯೂ ಮೊದಲೇ ಹೆಚ್ಚುಕಡಿಮೆ ಪೂರ್ಣ ವೇಗದಲ್ಲಿರುತ್ತದೆ. ಸೋಂಕು ಜೋರಾದರೆ ಖರ್ಚಾದಷ್ಟು ಬೇಗ ತುಂಬುವುದಿಲ್ಲ, ಎಣಿಕೆ ಬೀಳುತ್ತದೆ. ಹುಟ್ಟಿದ ದಿನ ಮೈಕ್ರೋಲೀಟರಿಗೆ 9,000ದಿಂದ 30,000 ಬಿಳಿಕಣ ಸಹಜ. ಆದ್ದರಿಂದ ಏರಿದ ಎಣಿಕೆಗಿಂತ 5,000ದ ಕೆಳಗೆ ಇಳಿದ ಎಣಿಕೆ ನಮ್ಮನ್ನು ಹೆಚ್ಚು ಹೆದರಿಸುತ್ತದೆ.

ಇರುವ ಕಣಗಳೂ ರಕ್ತನಾಳದ ಗೋಡೆಗೆ ಅಂಟಿ, ಹೊರಬಂದು, ಸೋಂಕಿನ ಜಾಗ ಮುಟ್ಟುವುದು ನಿಧಾನ. ಬ್ಯಾಕ್ಟೀರಿಯಾಕ್ಕೆ ಗುರುತು ಹಚ್ಚಿಕೊಡುವ ಕಾಂಪ್ಲಿಮೆಂಟ್ ಪ್ರೋಟೀನುಗಳು ತಾಯಿಯಿಂದ ದಾಟುವುದಿಲ್ಲ. ಮಗುವಿನಲ್ಲಿ ಅವು ದೊಡ್ಡವರ ಅರ್ಧದ ಆಸುಪಾಸು. ರೋಗಾಣುವಿನ ವಿರುದ್ಧ ಹೋರಾಡುವ ಐಜಿಜಿ ಎಂಬ ಪ್ರತಿಕಾಯ ದಾಟುತ್ತದೆ, ಹೆಚ್ಚಿನ ಪಾಲು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬದೆ ಹುಟ್ಟಿದ ಕೂಸಿಗೆ ಅದೂ ಕೊರತೆ.

ಸಿಆರ್‌ಪಿ ಯಕೃತ್ತು ತಯಾರಿಸುವ ಪ್ರೋಟೀನು. ಸೋಂಕು ಶುರುವಾದ ಮೇಲೆ ಅದು ಏರಲು 6–12 ಗಂಟೆ ಬೇಕು, ತುದಿ ಮುಟ್ಟಲು ಒಂದೆರಡು ದಿನ. ಮೊದಲ ವರದಿ ಸರಿ ಬಂತೆಂದು ಮನೆಗೆ ಕಳಿಸಿಬಿಟ್ಟರೆ ಅನಾಹುತ. ಮರುದಿನ ರಕ್ತ ತೆಗೆದದ್ದು ಸರಿಯಾದ ಕ್ರಮ. ಕಲ್ಚರಿಗೆ, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಆಂಟಿಬಯೋಟಿಕ್ ಕೊಡುವ ಮೊದಲೇ ಸುಮಾರು 1 ಮಿ.ಲೀ. ರಕ್ತ ಬೇಕು. ಅಷ್ಟೊಂದು ರಕ್ತ ಏಕೆಂದು ಮನೆಯವರು ತಡೆಯುವುದುಂಟು. ರಕ್ತ ಕಡಿಮೆಯಾದರೆ ರೋಗಾಣು ಇದ್ದೂ ಬೆಳೆಯದೆ ಹೋಗಬಹುದು.

ಇನ್ನು ಜ್ವರ. ಹಸುಗೂಸು ನಡುಗಿ ಮೈ ಬಿಸಿ ಮಾಡಿಕೊಳ್ಳಲಾರದು. ಸೋಂಕಿನಲ್ಲಿ ಎಷ್ಟೋ ಸಲ ಮೈ ತಣ್ಣಗಾಗುತ್ತದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ: 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ, 35.5ಕ್ಕಿಂತ ಇಳಿದರೂ ತಕ್ಷಣ ಹೊರಡಬೇಕು. ಚೀಪದಿರುವುದು, ಮುಟ್ಟಿದರೆ ಮಾತ್ರ ಅಲುಗುವುದು, ಎದೆಗೂಡು ಒಳಗೆ ಸೆಳೆದುಕೊಳ್ಳುವುದು, ಫಿಟ್ಸ್, ಇವುಗಳಲ್ಲಿ ಒಂದಿದ್ದರೂ ಸಾಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 60 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ, ಆಗಲೂ ಹಾಗೇ ಇದ್ದರೆ ಹೊರಡಿ. ದಾರಿಯಲ್ಲಿ ಮಗುವಿಗೆ ಟೊಪ್ಪಿ ಹಾಕಿ, ತಾಯಿಯ ಬರಿ ಎದೆಗೆ ಒರಗಿಸಿ, ಮೇಲೆ ಬಟ್ಟೆ ಹೊದಿಸಿ. ಮೂಗು ಬಾಯಿ ತೆರೆದಿರಲಿ. ನಿಮ್ಮ ಮೊಮ್ಮಗು ಉಳಿದದ್ದು ಜ್ವರ ಬರಲಿ ಎಂದು ನೀವು ಕಾಯದ್ದರಿಂದ.

ಪ್ರಶ್ನೆ: ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಬಹುದೇ? ಹೊಕ್ಕುಳಿಗೆ ಅರಸಿನ ಹಚ್ಚಬಹುದೇ?
– ಓದುಗರು, ಪೈವಳಿಕೆ

ಉತ್ತರ: ಎರಡೂ ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದು. ತೇಯುವ ಕಲ್ಲು, ನೀರು ಎರಡರಿಂದಲೂ ರೋಗಾಣು ಹೊಟ್ಟೆ ಸೇರುತ್ತದೆ. ಆರು ತಿಂಗಳು ಎದೆಹಾಲು ಮಾತ್ರ. ಗಿಣ್ಣುಹಾಲಿನ ಐಜಿಎ ಪ್ರತಿಕಾಯ ಕರುಳಿನ ಒಳಪದರವನ್ನು ಕಾಯುತ್ತದೆ, ಅದನ್ನು ಹಿಂಡಿ ಚೆಲ್ಲಬೇಡಿ. ಹೊಕ್ಕುಳಿಗೆ ಅರಸಿನ, ಎಣ್ಣೆ, ಬೂದಿ ಏನೂ ಹಚ್ಚದೆ ಒಣಗಲು ಬಿಡಿ, ಲಂಗೋಟಿಯನ್ನು ಅದರ ಕೆಳಗೆ ಕಟ್ಟಿ. ಸುತ್ತ ಕೆಂಪಾದರೆ, ಕೀವು ಬಂದರೆ ಅದೇ ದಿನ ತೋರಿಸಿ.