ಸೆನ್ಸರ್ ಕೋಡ್ ಬಂತಾ? ಅಂಗಡಿಗೆ ಹೋಗೋ ಮುಂಚೆ ಮೀಟರ್ ಹಿಡೀರಿ

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡಲ್ಲಿ 20 ಟನ್ನಿನ ಎಕ್ಸ್‌ಕವೇಟರ್ ತಗೊಂಡು ರೋಡ್ ಕೆಲಸಕ್ಕೆ ಬಿಟ್ಟಿದೀನಿ. ಮಳೆ ಹಿಡಿದಾಗಿಂದ ಆಯಿಲ್ ಪ್ರೆಶರ್, ಬೂಸ್ಟ್ ಪ್ರೆಶರ್ (ಟರ್ಬೊ ತಳ್ಳೋ ಗಾಳಿದು), ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗೋ ಡೀಸೆಲಿಂದು) ಮೂರರ ಕೋಡೂ ಒಟ್ಟಿಗೆ ಬರ್ತಿದೆ, ಮಷೀನ್ ಲೋಡ್ ತಗೊಳಲ್ಲ, ಒಂದೆರಡು ದಿನ ಬಿಸಿಲು ಬಂದ್ರೆ ತಾನೇ ಸರಿಹೋಗತ್ತೆ. ಮೂರೂ ಸೆನ್ಸರ್ ಬದಲಾಯ್ಸಿ ಅಂತಾರೆ ಮೆಕ್ಯಾನಿಕ್. ಆಯಿಲ್ ಪ್ರೆಶರಿಂದು ಹೊಸದು ಹಾಕ್ಸಿ ಆಯ್ತು, ಅದೇ ಕೋಡು. ಇನ್ನೆರಡೂ ತರಲಾ?
– ಸಾಗರದ ಓದುಗರು

ಉತ್ತರ: ತರಬೇಡಿ. ಮೂರು ಸೆನ್ಸರ್ ಮಾತಾಡ್ಕೊಂಡು ಒಂದೇ ದಿನ ಕೆಡಲ್ಲ. ಕೋಡ್ ಹೇಳೋದು ಯಾವ ಸರ್ಕ್ಯೂಟಲ್ಲಿ ವೋಲ್ಟೇಜ್ ಸರಿ ಇಲ್ಲ ಅಂತ ಅಷ್ಟೇ, ಆ ಸರ್ಕ್ಯೂಟಲ್ಲಿ ಸೆನ್ಸರೂ ಇದೆ, ಕಪ್ಲರೂ (ವೈರ್ ಸಿಕ್ಕಿಸೋ ಸಾಕೆಟ್) ಇದೆ, ಇಸಿಎಂವರೆಗೂ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್‌ವರೆಗೂ ಓಡೋ ವೈರೂ ಇದೆ, ಹಳೇ ಮಷೀನಲ್ಲಿ ನಾನಂತೂ ಮೊದಲು ಅನುಮಾನ ಪಡೋದು ವೈರಿನ ಮೇಲೆ.

ಈ ಪ್ರೆಶರ್ ಸೆನ್ಸರ್‌ಗಳಿಗೆ ಸಾಮಾನ್ಯವಾಗಿ ಮೂರು ವೈರ್ ಇರತ್ತೆ: 5 ವೋಲ್ಟ್ ಸಪ್ಲೈ, ಅರ್ತ್, ಸಿಗ್ನಲ್. ಆ 5 ವೋಲ್ಟನ್ನ ಇಸಿಎಂ ಒಂದೇ ಲೈನಲ್ಲಿ ಎರಡು ಮೂರು ಸೆನ್ಸರಿಗೆ ಹಂಚಿರತ್ತೆ. ಒಂದರೊಳಗೆ ನೀರು ಹೋಗಿ ಶಾರ್ಟ್ ಆದ್ರೆ ಅಥವಾ ವೈರು ಬ್ರಾಕೆಟಿಗೆ ಉಜ್ಜಿ ಉಜ್ಜಿ ತಾಮ್ರ ಬಾಡಿಗೆ ತಾಗಿದ್ರೆ ಇಡೀ ಲೈನ್ ಕುಸಿಯತ್ತೆ, ಚೆನ್ನಾಗಿರೋ ಸೆನ್ಸರ್ ಕೂಡ ಸುಳ್ಳು ಹೇಳೋಕೆ ಶುರು ಮಾಡತ್ತೆ. ಸಪ್ಲೈಗೇ ಬೇರೆ ಕೋಡ್ ಇರತ್ತೆ, ಅದು ಬಂದಿದ್ಯಾ ನೋಡಿ. ಕೊಮಾಟ್ಸು ಪಿಸಿ200-8 ಥರದ ಮಷೀನಲ್ಲಿ ಸಿಎ352, ಸಿಎ187 ಅಂದ್ರೆ ಸೆನ್ಸರ್ ಸಪ್ಲೈ ವೋಲ್ಟೇಜ್ ಕಮ್ಮಿ ಅಂತ, ಅಂಥದ್ದು ಪಟ್ಟೀಲಿ ಇದ್ರೆ ಮಿಕ್ಕಿದ್ದೆಲ್ಲ ಅದರ ಹಿಂದೆ ಬಂದಿದ್ದು.

ಈಗ ಕೆಲಸ. ಕೀ ಆಫ್ ಮಾಡಿ ಆಯಿಲ್ ಪ್ರೆಶರ್ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಟ್ಟು ಅದರ ಕೆಂಪು ವೈರ್ ಸಪ್ಲೈ ಪಿನ್ನಿಗೆ, ಕಪ್ಪು ಅರ್ತ್ ಪಿನ್ನಿಗೆ. 4.75ರಿಂದ 5.25ರೊಳಗೆ ಬರಬೇಕು. ಸೊನ್ನೆನೋ ಒಂದೋ ಬಂದ್ರೆ ಕೀ ಆಫ್, ಬೂಸ್ಟ್ ಕಪ್ಲರ್ ಬಿಚ್ಚಿ, ಮತ್ತೆ ಕೀ ಆನ್, ಮತ್ತೆ ಅಳೀರಿ, ಆಮೇಲೆ ರೈಲ್ ಪ್ರೆಶರಿಂದು. ಪ್ರತಿ ಸಲ ಕೀ ಆಫ್ ಆನ್ ಮಾಡಲೇಬೇಕು, ಯಾಕಂದ್ರೆ ಕೆಲವು ಇಸಿಎಂ ಶಾರ್ಟ್ ಕಂಡ ತಕ್ಷಣ ಸಪ್ಲೈ ಬಂದ್ ಮಾಡಿ ಹಾಗೇ ಕೂತಿರತ್ತೆ. ಯಾವುದನ್ನ ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ. ಎಲ್ಲಾ ಬಿಚ್ಚಿದ್ರೂ ಬರ್ಲಿಲ್ಲ ಅಂದ್ರೆ ಅದೇ ಲೈನಲ್ಲಿ ಬೇರೆ ಸೆನ್ಸರ್ ಇದ್ಯಾ ಅಂತ ವೈರಿಂಗ್ ಡಯಾಗ್ರಾಮಲ್ಲಿ ನೋಡಿ, ಅದೂ ಇಲ್ಲಾಂದ್ರೆ ವೈರು, ಕೊನೇಗೆ ಇಸಿಎಂ. ರೈಲ್ ಸೆನ್ಸರಿಗೆ ಸ್ಪ್ಯಾನರ್ ಹಾಕೋಕೆ ಮಾತ್ರ ಹೋಗಬೇಡಿ, ಕಪ್ಲರ್ ಅಷ್ಟೇ ಬಿಚ್ಚಿ. ಇಂಜಿನ್ ಓಡುವಾಗ ಅಲ್ಲಿ ಸಾವಿರ ಬಾರ್ ದಾಟೋ ಒತ್ತಡ ಇರತ್ತೆ.

ನಿಮ್ದು ಮಳೆಗೆ ಬಂದು ಬಿಸಿಲಿಗೆ ಹೋಗೋ ಕೇಸು, ಹಾಗಾಗಿ ಕಪ್ಲರ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಟ್ಟಿರತ್ತೆ, ರಬ್ಬರ್ ಸೀಲ್ ಹರಿದಿರತ್ತೆ ಇಲ್ಲಾ ಇರೋದೇ ಇಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡ್ದು ಒಣಗಿಸಿ, ಸೀಲ್ ಹೊಸದು ಹಾಕಿ. ಮೀಟರಿನ ದಪ್ಪ ಮೊನೆನ ಪಿನ್ನಿನೊಳಗೆ ತುರುಕಬೇಡಿ, ಅದು ಅಗಲ ಆದ್ರೆ ಆಮೇಲೆ ಹಿಡಿಯಲ್ಲ, ಹೊಸಾ ಕಂಪ್ಲೇಂಟ್ ನೀವೇ ಮಾಡಿಟ್ಟ ಹಾಗೆ. ಹಾಗೇ ಹಾರ್ನೆಸ್ (ವೈರಿನ ಕಟ್ಟು) ಉದ್ದಕ್ಕೂ ಎಲ್ಲೆಲ್ಲಿ ಇನ್ಸುಲೇಷನ್ ಟೇಪ್ ಸುತ್ತಿದೆಯೋ ಅದನ್ನೆಲ್ಲ ಬಿಚ್ಚಿ ನೋಡಿ, ಹಿಂದಿನ ಓನರ್ ಕಾಲದ ಜಾಯಿಂಟ್‌ಗಳು ಅವು.

ಇನ್ನೊಂದು ಮಾತು, ಕೋಡ್ ಜೊತೆ ಎಫ್‌ಎಂಐ ಅಂತ ನಂಬರ್ ಬಂದ್ರೆ ಅದನ್ನ ಬರ್ಕೊಳಿ, ತಕರಾರು ಯಾವ ಥರದ್ದು ಅಂತ ಅದು ಹೇಳತ್ತೆ. 3 ಅಂದ್ರೆ ವೋಲ್ಟೇಜ್ ಜಾಸ್ತಿ, 4 ಅಂದ್ರೆ ಕಮ್ಮಿ, ಇವೆರಡೂ ಕರೆಂಟಿನ ತಕರಾರು. ಆದ್ರೆ ಎಸ್‌ಪಿಎನ್ 100ಕ್ಕೆ (ಆಯಿಲ್ ಪ್ರೆಶರಿನ ಕೋಡ್ ನಂಬರ್) ಎಫ್‌ಎಂಐ 1 ಬಂದ್ರೆ ಆಯಿಲ್ ಪ್ರೆಶರ್ ನಿಜವಾಗ್ಲೂ ಇಳಿದಿದೆ ಅಂತ ಇಸಿಎಂ ಹೇಳ್ತಿದೆ, ಆಗ ಸೆನ್ಸರಿಗೆ ಬೈತಾ ಕೂರಬೇಡಿ, ಇಂಜಿನ್ ಆಫ್ ಮಾಡಿ ಆಯಿಲ್ ಲೆವೆಲ್ ನೋಡಿ, ಗೇಜ್ ಹಾಕಿ ಅಳೆಸಿ.

ಪ್ರಶ್ನೆ: ಹಳೇ ಮಷೀನ್ ನೋಡೋಕೆ ಹೋಗ್ತಿದೀವಿ. ಡಿಸ್‌ಪ್ಲೇಲಿ ಒಂದೂ ಕೋಡಿಲ್ಲ ಅಂತ ಬ್ರೋಕರ್ ಫೋಟೋ ಕಳ್ಸಿದಾರೆ. ನಂಬಬಹುದಾ?
– ಹಾವೇರಿಯ ಓದುಗರು

ಉತ್ತರ: ಬೆಳಿಗ್ಗೆ ಅಳಿಸಿ ಮಧ್ಯಾಹ್ನ ಫೋಟೋ ತೆಗೆದ್ರೂ ಹಾಗೇ ಕಾಣತ್ತೆ. ಇಂಜಿನ್ ತಣ್ಣಗಿರುವಾಗಲೇ ಹೋಗಿ, ಕೈ ಇಟ್ಟು ನೋಡಿ, ಬಿಸಿ ಇದ್ರೆ ಇನ್ನೊಂದಿನ ಬರ್ತೀವಿ ಅನ್ನಿ. ಕೀ ಆನ್ ಮಾಡಿದಾಗ ವಾರ್ನಿಂಗ್ ಲೈಟುಗಳು ಒಂದ್ಸಲ ಹತ್ತಿ ಆರಬೇಕು, ಹತ್ತಲೇ ಇಲ್ಲ ಅಂದ್ರೆ ಯಾರೋ ಕೈಯಾಡಿಸಿದಾರಾ ಅಂತ ಕೇಳಿ. ಟೆಂಪರೇಚರ್ ಗೇಜ್ ಕೆಳಗಿಂದ ನಿಧಾನಕ್ಕೆ ಏರಬೇಕು. ತಣ್ಣನೆ ಇಂಜಿನಲ್ಲೂ ಮುಳ್ಳು ನಡುಮಧ್ಯ ನಿಂತಿದ್ರೆ ಕೂಲೆಂಟ್ ಸೆನ್ಸರ್ ಕಪ್ಲರ್ ಬಿಚ್ಚಿಸಿ, ಸೆನ್ಸರ್ ಬದಲು ಅಲ್ಲಿ ಒಂದು ರೆಸಿಸ್ಟರ್ ಬೆಸುಗೆ ಹಾಕಿ ಟೇಪ್ ಸುತ್ತಿರಬಹುದು, ಅಂಥ ಮಷೀನ್ ಕಾದು ಕುದಿದ್ರೂ ಡಿಸ್‌ಪ್ಲೇ ನಗ್ತಾ ಇರತ್ತೆ. ಇದೆಲ್ಲ ಸರಿ ಇದ್ರೆ ಒಂದು ಗಂಟೆ ಮಣ್ಣು ತೋಡಿಸಿ, ಬಿಸಿಗೆ, ಅದುರಾಟಕ್ಕೆ ಬರೋ ಕೋಡುಗಳು ಆವಾಗ್ಲೇ ಬರೋದು.

ಪ್ರಶ್ನೆ: ಬಕೆಟ್ ವೆಲ್ಡಿಂಗ್ ಮಾಡಿಸಿದ ಮೇಲೆ ಡಿಸ್‌ಪ್ಲೇಲಿ ಕಮ್ಯುನಿಕೇಷನ್ ಎರರ್ ಬರ್ತಿದೆ. ಇಸಿಎಂ ಹೋಯ್ತಾ?
– ಹೊಸಪೇಟೆಯ ಓದುಗರು

ಉತ್ತರ: ಹೋಗಿರಬಹುದು, ಆದ್ರೆ ಆ ಖರ್ಚಿಗೆ ಇಳಿಯೋ ಮುಂಚೆ ಒಂದು ಅಳತೆ ಇದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಕ್ಯಾನ್ ಲೈನಿನ (ಡಿಸ್‌ಪ್ಲೇ, ಇಸಿಎಂ ಒಂದಕ್ಕೊಂದು ಮಾತಾಡೋ ಜೋಡಿ ವೈರು) ಹೈ, ಲೋ ಎರಡೂ ವೈರಿನ ಮಧ್ಯೆ ಓಮ್ ನೋಡಿ. ಲೈನಿನ ಎರಡು ತುದೀಲೂ 120 ಓಮಿನ ರೆಸಿಸ್ಟರ್ ಇರೋದ್ರಿಂದ 60ರ ಆಸುಪಾಸು ಬರಬೇಕು. 120 ಬಂದ್ರೆ ಒಂದು ಕಡೆ ವೈರ್ ಕಟ್ಟಾಗಿದೆ ಇಲ್ಲಾ ಒಂದು ರೆಸಿಸ್ಟರ್ ಹೋಗಿದೆ, ಸೊನ್ನೆ ಹತ್ರ ಬಂದ್ರೆ ಎರಡೂ ವೈರ್ ಒಂದಕ್ಕೊಂದು ತಾಗಿದೆ. 60 ಸರಿಯಾಗಿ ಬಂತು ಅಂದ್ರೆ ಬ್ಯಾಟರಿ ವಾಪಸ್ ಹಾಕಿ ಫ್ಯೂಸ್ ನೋಡಿ, ಡಿಸ್‌ಪ್ಲೇಗೂ ಇಸಿಎಂಗೂ 24 ವೋಲ್ಟ್, ಅರ್ತ್ ಬರ್ತಿದ್ಯಾ ನೋಡಿ, ಅದೂ ಸರಿ ಇದ್ರೆ ಮಾತ್ರ ಇಸಿಎಂ ಬಿಚ್ಚಿಸಿ ಚೆಕ್ ಮಾಡ್ಸಿ. ಮುಂದಿನ ಸಲ ವೆಲ್ಡರ್ ಬಂದಾಗ ಬ್ಯಾಟರಿ ಕನೆಕ್ಷನ್ನೂ ಇಸಿಎಂ ಕಪ್ಲರೂ ಬಿಚ್ಚಿಟ್ಟು, ಅರ್ತ್ ಕ್ಲ್ಯಾಂಪನ್ನ ಬಕೆಟ್ಟಿಗೇ ಹಾಕಿಸಿ, ಟ್ರ್ಯಾಕಿಗೆ ಹಾಕಿದ್ರೆ ವೆಲ್ಡಿಂಗ್ ಕರೆಂಟು ಪಿನ್ನು, ಬೇರಿಂಗು ಎಲ್ಲಾ ಹಾದು ಹೋಗತ್ತೆ.