ಇಂಜೆಕ್ಷನ್ ಕೊಟ್ಟ ಮೇಲೆ ಅರಿವಳಿಕೆ ತಜ್ಞರಿಗೆ ಏನು ಕೆಲಸ? ಈ ವೃತ್ತಿ ಆರಿಸಿಕೊಳ್ಳಬಹುದಾ?

ಅಸಲಿ ಕೆಲಸ ಶುರುವಾಗುವುದೇ ಆಮೇಲೆ. ನಿದ್ದೆ ಬರಿಸೋಕೆ ಒಂದು ನಿಮಿಷವೂ ಬೇಕಾಗಿಲ್ಲ. ಪ್ರೊಪೊಫಾಲ್ ಅನ್ನುವ ಹಾಲಿನ ಬಣ್ಣದ ಔಷಧಿ ರಕ್ತನಾಳಕ್ಕೆ ಇಳಿಯುತ್ತಿದ್ದಂತೆ ರೋಗಿಯ ಮಾತು ಅರ್ಧಕ್ಕೇ ನಿಲ್ಲುತ್ತದೆ. ಉಸಿರಾಟವೂ ನಿಲ್ಲಬಹುದು. ಸ್ನಾಯು ಸಡಿಲಿಸುವ ಔಷಧಿ ಕೊಟ್ಟರಂತೂ ನಿಂತೇ ನಿಲ್ಲುತ್ತದೆ. ಆಗ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ಉಸಿರಾಡಿಸುವ ಹೊಣೆ ಇವರದೇ.

ಸರ್ಜನ್‌ರ ಕಣ್ಣು, ಕೊಯ್ದ ಜಾಗದ ಮೇಲಿದ್ದರೆ ಇವರ ಕಣ್ಣು ಮಾನಿಟರ್ ಮೇಲೆ. ಕಿವಿಯೂ ಅಲ್ಲೇ. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದರೆ ಪಲ್ಸ್ ಆಕ್ಸಿಮೀಟರಿನ ಬೀಪ್ ಸದ್ದಿನ ಶ್ರುತಿಯೂ ಇಳಿಯುತ್ತದೆ. ಬೆನ್ನು ತಿರುಗಿಸಿ ಸಿರಿಂಜ್ ತುಂಬುತ್ತಿದ್ದರೂ ಗೊತ್ತಾಗಿಬಿಡುತ್ತದೆ. ಎಷ್ಟು ಜಾಣ ಉಪಾಯ ಅಲ್ವಾ?

ಆಪರೇಷನ್ ಥಿಯೇಟರ್ ಅಷ್ಟೇ ಅಲ್ಲ, ಐಸಿಯು, ಹೆರಿಗೆ ನೋವು ತಗ್ಗಿಸುವುದು, ಹಳೇ ನೋವುಗಳ ಚಿಕಿತ್ಸೆಯಲ್ಲೂ ಇವರಿದ್ದಾರೆ. ವೈದ್ಯಕೀಯ ಪದವಿಯಾದ ಮೇಲೆ ಮತ್ತೆ ಕೆಲವು ವರ್ಷ ತರಬೇತಿ ಬೇಕು. ಎಷ್ಟು ವರ್ಷ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ.

ನನ್ನ ಕೇಳಿದರೆ, ಗಂಟೆಗಟ್ಟಲೆ ಏನೂ ಆಗದಿದ್ದರೂ ಗಮನ ತಪ್ಪದವರಿಗೆ ಇದು ಒಗ್ಗುತ್ತದೆ. ರಾತ್ರಿ ಡ್ಯೂಟಿ ಜಾಸ್ತಿ. ಹೆಸರು, ಮೆಚ್ಚುಗೆ ಬೇಕು ಅನ್ನುವವರಿಗೆ ಬೇಜಾರಾಗಬಹುದು. ಎಚ್ಚರವಾದ ರೋಗಿ ಮೊದಲು ಹುಡುಕುವುದು ಸರ್ಜನ್‌ರನ್ನೇ.